ಕರಿಬಸಪ್ಪ ಕೊಡುವ ಕೊಸರು

ನಮ್ಮಣ್ಣ ಕರಿಬಸಪ್ಪನ ಬಗ್ಗೆ ಸಿಟ್ಟಿಲ್ಲದೆ ಹೇಳು ಅಂದರೆ ನನ್ನಿಂದ ಆಗುವುದಿಲ್ಲ. ಕೊಪ್ಪಳದಲ್ಲಿ ಅವನನ್ನು ಒಳ್ಳೆಯವನು ಅನ್ನದವರಿಲ್ಲ. ಒಳ್ಳೆಯವನೇ. ಒಳ್ಳೆಯವರು ಮಾಡುವ ಕೇಡಿಗೆ ಯಾರ ಮುಂದೆ ದೂರು ಹೇಳಬೇಕು ಅನ್ನುವುದು ಮಾತ್ರ ನನಗೆ ಇನ್ನೂ ತಿಳಿದಿಲ್ಲ.

ನಮ್ಮದು ಹಗ್ಗದ ಅಂಗಡಿ. ಅಪ್ಪನ ಕಾಲದಿಂದ ಎತ್ತಿನ ಹಗ್ಗ, ಬಾವಿಯ ಹಗ್ಗ, ಮಂಚದ ನವಾರು ಮಾರಿದವರು. ಕೊಳ್ಳಲು ಬಂದ ರೈತ ಹಗ್ಗದ ಒಂದು ತುದಿಯನ್ನು ಕಾಲಲ್ಲಿ ಮೆಟ್ಟಿ, ಇನ್ನೊಂದನ್ನು ಕೈಗೆ ಸುತ್ತಿ ಜಗ್ಗಿ ನೋಡುತ್ತಾನೆ. ಹರಿಯದಿದ್ದರೆ ಒಯ್ಯುತ್ತಾನೆ. ಅಳತೆ ಮುಗಿದ ಮೇಲೆ ಅಪ್ಪ ಇನ್ನೊಂದು ಗೇಣು ಕೊಸರು ಬಿಡುತ್ತಿದ್ದ. ಕೊಸರು ಹಾಕದ ಅಂಗಡಿಯ ಮೆಟ್ಟಿಲನ್ನು ನಮ್ಮ ಕಡೆ ಯಾರೂ ಎರಡನೇ ಸಲ ಹತ್ತುವುದಿಲ್ಲ. "ಹರದ್ರ ತಂದು ನನ್ನ ಮಾರಿ ಮ್ಯಾಲ ಒಗಿರಿ" ಅನ್ನುವುದು ಅಪ್ಪನ ಮಾತು; ಹರಿದ ಹಗ್ಗವನ್ನು ತನ್ನ ಮುಖಕ್ಕೇ ಎಸೆಯಬಹುದು ಅನ್ನುವಷ್ಟು ಭರವಸೆ. ಅಪ್ಪ ಹೋದ ಮೇಲೆ ಅಣ್ಣನಿಗೆ ಅಂಗಡಿಯ ಜೊತೆ ಆ ಮಾತೂ ಪಾಲಿಗೆ ಬಂತು.

ಟ್ರ್ಯಾಕ್ಟರು ಬಂದು ಎತ್ತು ಕಡಿಮೆಯಾದವು. ಹಗ್ಗ ನೇತಾಡುತ್ತಿದ್ದ ಗೂಟಗಳಿಗೆ ಅಣ್ಣ ವಾಲಿಬಾಲ್ ಬಲೆ, ಕ್ರಿಕೆಟ್ ಬ್ಯಾಟು ತೂಗುಹಾಕಿದ. ಆಗ ಗಂಗಾವತಿಯ ರೈಸ್ ಮಿಲ್ ಸಾಹುಕಾರರಿಗೆ ಟೆನಿಸ್ ಹುಚ್ಚು ಹಿಡಿದಿತ್ತು. ರ‍್ಯಾಕೆಟ್ಟಿನ ಗಟ್, ಅಂದರೆ ಅದರ ಹೆಣಿಗೆಯ ದಾರ, ಹರಿದರೆ ಹುಬ್ಬಳ್ಳಿಗೇ ಕಳಿಸಬೇಕು. ಅಣ್ಣ ಹುಬ್ಬಳ್ಳಿಯಿಂದಲೇ ಒಂದು ಹಳೆಯ ಯಂತ್ರ ತಂದು, ಗಟ್ ಹಾಕುವುದನ್ನು ಕಲಿತು, ಅಂಗಡಿಯ ನಡುವೆ ಪ್ರತಿಷ್ಠಾಪನೆ ಮಾಡಿದ. ಕುಷ್ಟಗಿಯಿಂದ, ಕನಕಗಿರಿಯಿಂದ, ಎಲ್ಲೆಲ್ಲಿಂದಲೋ ರ‍್ಯಾಕೆಟ್ ಬರತೊಡಗಿದವು. ಕೈ ಒಳ್ಳೆಯದಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಹಗ್ಗದ ಬುದ್ಧಿ ಬಿಡಲಿಲ್ಲ. ಗಟ್ಟಿನಲ್ಲಿ ತರಾವರಿ ಇವೆ. ನೂರಾರು ಎಳೆ ಕೂಡಿಸಿ ಮಾಡಿದ ಮೆತ್ತನೆಯದು ಕೈಗೆ ಹಿತ, ಆದರೆ ಬೇಗ ಜುಂಜು ಜುಂಜಾಗಿ ಹರಿಯುತ್ತದೆ. ಪಾಲಿಯೆಸ್ಟರಿನದು ಬಿರುಸು, ತಿಂಗಳೊಪ್ಪತ್ತಿಗೆ ಅದರ ಪುಟಿತ ಸತ್ತುಹೋದರೂ ಹರಿಯದೆ ಹಾಗೇ ಕೂತಿರುತ್ತದೆ. ಅಣ್ಣ ಯಾವುದನ್ನು ಆರಿಸಿದ ಅಂತ ಬಿಡಿಸಿ ಹೇಳಬೇಕಿಲ್ಲ. ಬಿಗಿಯಲ್ಲೂ ಅದೇ ಕಥೆ. ಐವತ್ತರಿಂದ ಅರವತ್ತು ಪೌಂಡು ಅಂತ ರ‍್ಯಾಕೆಟ್ಟಿನ ಮೇಲೇ ಬರೆದಿರುತ್ತದೆ. ಇವನು ಎಲ್ಲರಿಗೂ ಅರವತ್ತು. ಯಂತ್ರದ ತೂಕದ ಸಲಾಕೆ ಅರವತ್ತಕ್ಕೆ ಬಂದು ನಿಂತಮೇಲೆ, ಅದರ ಮೇಲೆ ಅಂಗೈ ಊರಿ ಇನ್ನೊಂದು ಜಗ್ಗು ಜಗ್ಗುತ್ತಿದ್ದ. ಅದು ಕೊಸರು! ಹಗ್ಗದಲ್ಲಿ ಗೇಣುದ್ದ ಕೊಸರು ಕೊಟ್ಟ ಮನೆತನ, ಗಟ್ಟಿನಲ್ಲಿ ಎರಡು ಪೌಂಡು ಬಿಗಿ ಪುಕ್ಕಟೆ ಕೊಡುತ್ತಿತ್ತು. "ಬಿಗಿ ಹೆಚ್ಚಾದಷ್ಟೂ ಬಾಳಿಕಿ ಹೆಚ್ಚು" ಅನ್ನುತ್ತಿದ್ದ. ಗಿರಾಕಿಗಳು ಗೋಣು ಹಾಕುತ್ತಿದ್ದರು.

ಸಾಹುಕಾರರಿಗೆ ಏನೂ ಆಗಲಿಲ್ಲ, ಅಥವಾ ಆದದ್ದನ್ನು ಹೇಳಿಕೊಳ್ಳಲಿಲ್ಲ. ಅವರು ಸಂಜೆ ಅರ್ಧ ತಾಸು ಆಡಿ ಮಿರ್ಚಿ ಭಜಿಗೆ ಕೂರುವವರು. ನನ್ನ ಮಗಳು ಅಮೃತಾ ಹಾಗಲ್ಲ. ನಾನು ಯಲಬುರ್ಗಾದಲ್ಲಿ ಪಿ.ಟಿ. ಟೀಚರು. ಕಬಡ್ಡಿ, ಖೋ ಖೋ ಅಂದರೆ ಸರಿ, ಟೆನಿಸ್ ನನಗೆ ಅಷ್ಟಕ್ಕಷ್ಟೇ. ಮಗಳಿಗೆ ಮಾತ್ರ ಅದೇ ಉಸಿರು. ಯಲಬುರ್ಗಾದಲ್ಲಿ ಕೋರ್ಟ್ ಇಲ್ಲವೆಂದು ಹೈಸ್ಕೂಲಿಗೆ ಕೊಪ್ಪಳದಲ್ಲಿ ಸೋದರಮಾವನ ಮನೆಯಲ್ಲೇ ಬಿಟ್ಟಿದ್ದೆ. ಬೆಳಿಗ್ಗೆ, ಸಂಜೆ ಆಟ. ರಾಜ್ಯದ ತಂಡಕ್ಕೆ ಆಯ್ಕೆಯಾಗಬೇಕು ಅನ್ನುವುದೊಂದೇ ಗುರಿ.

ಮೊದಲು ಅವಳ ರ‍್ಯಾಕೆಟ್ಟಿಗೆ ಕೊಳ್ಳುವಾಗಲೇ ಬಂದ ಮೆತ್ತನೆಯ ಗಟ್ಟೇ ಇತ್ತು. ಒಂದು ಸಲ ಪಂದ್ಯದ ನಡುವೆ ಅದು ಹರಿಯಿತು. ಗಂಗಾವತಿಯ ಮಿಲ್ಲಿನ ಹೊನ್ನೂರಪ್ಪ, ಅಣ್ಣನ ಮೊದಲ ಗಿರಾಕಿ, ಅಲ್ಲೇ ಇದ್ದ. "ಏನ್ರಿ ಕರಿಬಸಪ್ಪ, ನಿಮ್ಮ ಸೊಸಿದ ಹರದು ಹೋತಲ್ರಿ" ಅಂದನಂತೆ. ಅಷ್ಟೇ ಸಾಕಾಯಿತು. ಅಣ್ಣ ಆ ದಿನ ಊಟ ಮಾಡಲಿಲ್ಲ. ಮರುದಿನ ಅಮೃತಾಳ ಎರಡೂ ರ‍್ಯಾಕೆಟ್ಟಿಗೆ ಅಂಗಡಿಯಲ್ಲಿದ್ದ ಅತಿ ದಪ್ಪನೆಯ ಪಾಲಿಯೆಸ್ಟರ್ ಗಟ್ ಹಾಕಿ, ಸ್ವಂತ ಸೋದರಸೊಸೆಯಲ್ಲವೇ, ಬೇರೆಯವರಿಗಿಂತ ಹೆಚ್ಚಿಗೆ ಕೊಸರು ಜಗ್ಗಿದ. ಪ್ರೀತಿಯಿಂದಲೇ ಜಗ್ಗಿದ. ಅದನ್ನು ನೆನೆಸಿಕೊಂಡಾಗಲೇ ನನಗೆ ಹೆಚ್ಚು ಮೈ ಉರಿಯುವುದು.

ಹುಡುಗಿ ಅದರಲ್ಲೇ ಆಡಿದಳು. ಸೋದರಮಾವ ಕೈಯಾರೆ ಮಾಡಿಕೊಟ್ಟದ್ದನ್ನು ಚೆನ್ನಾಗಿಲ್ಲ ಅನ್ನುವ ಹೆಣ್ಣುಮಗಳು ನಮ್ಮ ಮನೆಯಲ್ಲಿ ಇನ್ನೂ ಹುಟ್ಟಿಲ್ಲ. ದೀಪಾವಳಿಗೆ ಮನೆಗೆ ಬಂದಾಗ ರೊಟ್ಟಿ ಬಡಿಯಲು ಕೂರಿಸಿದೆ. ಎಡಗೈಯಿಂದ ಬಡಿಯುತ್ತಿದ್ದಳು.

"ಬಲಗೈಗೆ ಏನಾಗೇತಿ?" ಅಂದೆ.

"ಏನಿಲ್ಲ ಯವ್ವ, ಸ್ವಲ್ಪ ಜುಮು ಜುಮು ಅಂತೈತಿ."

ಮೊಣಕೈ ಮುಟ್ಟಿದರೆ ಕಣ್ಣಲ್ಲಿ ನೀರು. ಉಪ್ಪಿನಕಾಯಿ ಭರಣಿಯ ಮುಚ್ಚಳ ತಿರುವಲು ಬಾರದಷ್ಟು ನೋವನ್ನು ತಿಂಗಳುಗಟ್ಟಲೆ ನುಂಗಿಕೊಂಡಿದ್ದಳು. ಡಾಕ್ಟರು, ಆಟ ನಿಲ್ಲಿಸದಿದ್ದರೆ ಕೈ ಪೂರ್ತಿ ಕೆಡುತ್ತದೆ ಅಂದರು. ಕೊಪ್ಪಳದಲ್ಲಿ ಅವಳಿಗೆ ಆಟ ಕಲಿಸುವ ಮಕ್ಬುಲಸಾಬರ ಹತ್ತಿರ, ಎರಡೂ ರ‍್ಯಾಕೆಟ್ ಸಮೇತ ಅವಳನ್ನು ಕರೆದುಕೊಂಡು ಹೋದೆ. ಅವರು ಗಟ್ಟಿನ ಮೇಲೆ ಹೆಬ್ಬೆಟ್ಟು ಒತ್ತಿ ನೋಡಿದರು.

"ಇದು ಹಲಗಿ ಆಗೇತ್ರಿ ಅಕ್ಕಾರ. ಚೆಂಡಿನ ಪೆಟ್ಟು ಗಟ್ ತಿನ್ನಬೇಕು. ಇಲ್ಲಿ ಮಗೂನ ಕೈ ತಿನ್ನಾಕ ಹತ್ತೇತಿ. ನಾ ಎರಡ ಸಲ ನಿಮ್ಮ ಅಣ್ಣಾರಿಗೆ ಹೇಳಿದೆ. ನಕ್ಕು ಚಾ ಕುಡಿಸಿ ಕಳಿಸಿದ್ರು."

ನನ್ನ ಪಿತ್ತ ನೆತ್ತಿಗೇರಿತು. ನೇರ ಅಂಗಡಿಗೆ ಹೋದೆ. ಗಿರಾಕಿಗಳಿದ್ದರು, ಇರಲಿ ಅಂತಲೇ ಶುರು ಮಾಡಿದೆ.

"ಅಣ್ಣಾ, ಈ ಗಟ್ ಬಿಚ್ಚು. ಮೆತ್ತಂದು ಹಾಕು, ಬಿಗಿ ಕಡಿಮಿ ಮಾಡು."

"ಮೆತ್ತಂದು ಬಾಳಿಕಿ ಬರೂದಿಲ್ಲ."

"ಹುಡುಗಿ ಕೈ ಬಾಳಿಕಿ ಬರಬೇಕೋ, ಗಟ್ ಬಾಳಿಕಿ ಬರಬೇಕೋ?"

ಅವನು ನಕ್ಕ. ಆ ನಗು ನೋಡಿದರೆ ಶಾಂತಮೂರ್ತಿಗೂ ಸಿಟ್ಟು ಬರಬೇಕು. "ರೂಢಿ ಆಗ್ತೈತಿ ಲಲಿತಾ. ನನ್ನ ರಟ್ಟಿ ನೋಡು, ಹಗ್ಗ ಜಗ್ಗಿ ಜಗ್ಗಿ ಮ್ಯಾಲ ಏಳೂದ ಇಲ್ಲ. ನಾ ಅಂಗಡಿ ಮುಚ್ಚೀನೇನು?"

ನಿಜ. ವಿಭೂತಿ ಹಚ್ಚಿಕೊಳ್ಳುವಾಗ ಅಣ್ಣನ ಕೈ ಹಣೆಯವರೆಗೆ ಹೋಗುವುದಿಲ್ಲ, ಹಣೆಯನ್ನೇ ಬಗ್ಗಿಸಿ ಕೈಗೆ ತರುತ್ತಾನೆ. ನಮ್ಮ ಮನೆಯಲ್ಲಿ ಅದನ್ನು ದುಡಿದ ಕೈ ಅಂತ ಹೊಗಳುತ್ತಾರೆ. ನೋವಿಲ್ಲದ ಕೈ ಅಂದರೆ ಮೈಗಳ್ಳನ ಕೈ. ಇಂಥ ಮನೆಯಲ್ಲಿ ಒಂದು ಹುಡುಗಿ ಮೊಣಕೈ ಹಿಡಿದುಕೊಂಡು ಮಲಗಿದರೆ ಯಾರಿಗೆ ಕಾಣಬೇಕು?

"ನಿನ್ನ ರಟ್ಟಿ ಕೆಟ್ಟೈತಿ ಅಂತ ನನ್ನ ಮಗಳದೂ ಕೆಡಬೇಕೇನು?" ಅಂದೆ. "ಇವತ್ತು ಬಿಚ್ಚಲಿಲ್ಲ ಅಂದ್ರ ಆಕಿನ್ನ ಈಗಿಂದೀಗ ಯಲಬುರ್ಗಾಕ್ಕ ಕರ್ಕೊಂಡು ಹೋಗ್ತೀನಿ. ನಿನ್ನ ಮನಿಗೂ ಬರೂದಿಲ್ಲ, ಆಟಾನೂ ಬ್ಯಾಡ."

ಸೊಸೆ ಮನೆ ಬಿಟ್ಟು ಹೋಗುತ್ತಾಳೆ ಅಂದಾಗ ನಗು ನಿಂತಿತು. ಒಂದು ರ‍್ಯಾಕೆಟ್ ಬಿಚ್ಚಿದ. ಮೆತ್ತನೆಯ ಗಟ್, ಐವತ್ತೆರಡು ಪೌಂಡು. ನಾನು ಎದುರಿಗೇ ನಿಂತಿದ್ದೆ. ಸಲಾಕೆ ನಿಂತಾಗ ಅವನ ಅಂಗೈ ತಾನಾಗಿ ಮೇಲೇರಿತು, ನನ್ನ ಮುಖ ನೋಡಿ ಇಳಿಯಿತು. ಕೊಡುವಾಗ ತೂಕದಲ್ಲಿ ಮೋಸ ಮಾಡಿದವನ ಹಾಗೆ ಮುಖ ಮಾಡಿಕೊಂಡಿದ್ದ. "ಇನ್ನೊಂದು ಹಂಗ ಇರ್ಲಿ. ಇದು ಹರದಾಗ ಬೇಕಾಗ್ತೈತಿ" ಅಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು!

ಚಳಿಗಾಲವೆಲ್ಲ ಅಮೃತಾ ಆಡಲಿಲ್ಲ. ಕೈ ನಿಧಾನಕ್ಕೆ ಸುಧಾರಿಸಿತು. ಗಟ್ಟಿ ಪೆಟ್ಟು ಬಿದ್ದರೆ ನೋವು ಮತ್ತೆ ಮರುಕಳಿಸುತ್ತದೆ, ಆಮೇಲೆ ನನ್ನ ಹತ್ತಿರ ಬರಬೇಡಿ ಅಂತ ಡಾಕ್ಟರು ಎಚ್ಚರಿಸಿಯೇ ಬಿಟ್ಟಿದ್ದರು. ಬೇಸಿಗೆಗೆ ಗಂಗಾವತಿಯಲ್ಲಿ ಆಯ್ಕೆಯ ಪಂದ್ಯ ಬಂತು. ನಾನು ಹೋದೆ, ಅಣ್ಣನೂ ಬಂದ. ಮುಂದಿನ ಕುರ್ಚಿಯಲ್ಲಿ ಹೊನ್ನೂರಪ್ಪ, ಸುತ್ತಲೂ ಅಣ್ಣನ ಗಿರಾಕಿಗಳು.

ಮೊದಲ ಸೆಟ್ ಅವಳು ಗೆದ್ದಳು. ಚೆಂಡು ಹಾರುವುದನ್ನು ನೋಡಿ ನನಗೆ ಹೊಟ್ಟೆ ತಣ್ಣಗಾಯಿತು. ಎರಡನೇ ಸೆಟ್ಟಿನ ನಡುವೆ ಗಟ್ ಹರಿಯಿತು. ಮೆತ್ತನೆಯದು, ಒಂದಲ್ಲ ಒಂದು ದಿನ ಹರಿಯುವುದೇ.

ಹೊನ್ನೂರಪ್ಪ ಹಿಂತಿರುಗಿ ಎಲ್ಲರಿಗೂ ಕೇಳುವಂತೆ, "ಏನ್ರಿ ಕರಿಬಸಪ್ಪ, ಮತ್ತ ಹರೀತಲ್ರಿ. ಯಾರ ಮಾರಿ ಮ್ಯಾಲ ಒಗಿಯೂಣು?" ಅಂದ. ಕುರ್ಚಿಗಳೆಲ್ಲ ನಕ್ಕವು. ಅಣ್ಣ ತಲೆ ತಗ್ಗಿಸಿದ.

ಅಮೃತಾ ನನ್ನ ಕಡೆ ನೋಡಲಿಲ್ಲ. ಮಾವನ ತಗ್ಗಿದ ತಲೆ ನೋಡಿದಳು. ಸೀದಾ ಚೀಲದ ಹತ್ತಿರ ಹೋಗಿ ಆ ಹಳೆಯ ಬಿರುಸು ಗಟ್ಟಿನ ರ‍್ಯಾಕೆಟ್ ತೆಗೆದಳು. "ಅಮೃತಾ, ಅದು ಬ್ಯಾಡ" ಅಂತ ನಾನು ಎದ್ದು ನಿಂತೆ. ಕೇಳಿಸದವಳಂತೆ ಗೆರೆಯ ಕಡೆ ನಡೆದಳು. ಮಾವನ ಮಾನ ಉಳಿಸಲು ಹೊರಟಿದ್ದಳು, ಹುಚ್ಚಿ. ಆಗ ನನಗೆ ಬಂದ ಸಿಟ್ಟು ಅಣ್ಣನ ಮೇಲಷ್ಟೇ ಅಲ್ಲ, ಅವಳಿಗೆ ಇಷ್ಟು ಒಳ್ಳೆಯ ನಡತೆ ಕಲಿಸಿದ ನನ್ನ ಮೇಲೂ, ನಮ್ಮ ಇಡೀ ಮನೆತನದ ಮೇಲೂ. ಬೇರೆ ಹುಡುಗಿಯರ ರ‍್ಯಾಕೆಟ್ ಕೇಳೋಣವೆಂದರೆ ಅಲ್ಲಿದ್ದ ಅಷ್ಟಕ್ಕೂ ಬಿಗಿ ಹಾಕಿದವನು ಕರಿಬಸಪ್ಪನೇ.

ಅಮೃತಾ ಸರ್ವ್ ಮಾಡಲು ಚೆಂಡು ಕೈಗೆತ್ತಿಕೊಂಡಳು. ಅಷ್ಟರಲ್ಲಿ ಅಣ್ಣ ಎದ್ದ. ಚಪ್ಪಲಿ ಮೆಟ್ಟಿಕೊಂಡೇ ಕೋರ್ಟಿನೊಳಗೆ ನಡೆದುಬಿಟ್ಟ. ಅಂಪೈರು ಕೂಗಿದರು, ತಿರುಗಿ ನೋಡಲಿಲ್ಲ. ಅವಳ ಕೈಯಿಂದ ರ‍್ಯಾಕೆಟ್ ತೆಗೆದುಕೊಂಡ.

"ಬಿಡು ಮಾಮಾ, ಆಡ್ತೀನಿ" ಅಂದಳು.

"ಬ್ಯಾಡವ್ವ" ಅಂದ.

ಅಂಪೈರು, ಬೇರೆ ರ‍್ಯಾಕೆಟ್ ಇಲ್ಲದಿದ್ದರೆ ಪಂದ್ಯ ಎದುರಿನ ಹುಡುಗಿಗೆ ಹೋಗುತ್ತದೆ ಅಂದರು. ಅಣ್ಣ ಹೂಂ ಅಂದ. ಅಮೃತಾ ಮುಖ ಮುಚ್ಚಿಕೊಂಡು ಅತ್ತಳು. ಆಯ್ಕೆ ಒಂದು ವರ್ಷ ಮುಂದಕ್ಕೆ ಹೋಯಿತು, ಅದಕ್ಕೆ ನಾನು ಅವನನ್ನು ಈಗಲೂ ಕ್ಷಮಿಸಿಲ್ಲ.

ಹೊನ್ನೂರಪ್ಪನಿಗೆ ಏನೂ ತಿಳಿಯದೆ, "ಅದು ಛಲೋ ಇತ್ತಲ್ರಿ, ನಿಮ್ಮ ಹಳೇ ಗಟ್. ಹರಿಯೂದಿಲ್ಲ ಅಂತಿದ್ರಿ" ಅಂದ.

ಅಣ್ಣ ಅವನ ಕುರ್ಚಿಯ ಎದುರಿಗೆ ಬಂದು ನಿಂತ. "ಹರಿಯೂದಿಲ್ರಿ ಸಾವಕಾರ" ಅಂದ. "ಕೈ ಕೆಡಸತೈತಿ. ನಿಮ್ಮದೂ ತಂದು ಕೊಡ್ರಿ, ಬಿಚ್ಚತೀನಿ."