ಸರಕಾರಕ್ಕೆ ಬಾಡಿಗೆ ಕೇಳಿದ ಮಾಸ್ತರರು

ಸಿದ್ದಪ್ಪ ಮಾಸ್ತರರು ಕೂತದ್ದನ್ನು ನಾನು ಒಂದೇ ಒಂದು ಸಲ ನೋಡಿದ್ದೇನೆ. ಎಂಟು ವರ್ಷ, ಹೆಚ್ಚುಕಡಿಮೆ ಪ್ರತಿ ಶನಿವಾರ, ಅವರು ನನ್ನ ಮೇಜಿನ ಮುಂದೆ ಬಂದು ನಿಂತಿದ್ದಾರೆ. ನಿಂತಿದ್ದಾರೆ ಅನ್ನುವುದೂ ಸುಳ್ಳೇ. ಕಿಟಕಿಯಿಂದ ಕಪಾಟಿಗೆ, ಕಪಾಟಿನಿಂದ ಬಾಗಿಲಿಗೆ, ಬಾಗಿಲಿನಿಂದ ಮತ್ತೆ ನನ್ನ ಮೇಜಿಗೆ ಸುತ್ತುತ್ತಲೇ ಇರುತ್ತಿದ್ದರು. ಹೆಗಲ ಮೇಲಿನ ಕರಿಕಂಬಳಿಯ ಅಂಚು ಪ್ರತಿ ಸುತ್ತಿಗೂ ನನ್ನ ಕಾಗದಗಳ ಮೇಲೆ ಹಾದು ಒಂದೆರಡನ್ನು ಕೆಳಗೆ ಬೀಳಿಸುತ್ತಿತ್ತು. ಬಗ್ಗಿ ಆರಿಸಿಕೊಡುವವರೂ ಅವರೇ.

"ಮಾಸ್ತರ, ಒಂದು ಗಳಿಗಿ ಕೂಡ್ರಿ. ನಿಮ್ಮನ್ನ ನೋಡಿ ನನಗ ಚಕ್ಕರ ಬರ್ಲಿಕ್ಕತ್ತದ" ಎನ್ನುತ್ತಿದ್ದೆ.

"ಕುಂತ್ರ ಮಂಜೂರಿ ಬರತೈತೇನ್ರಿ, ರಾಯರ?" ಎನ್ನುತ್ತಿದ್ದರು ಅವರು.

ಆಗ ನಾನು ತಾಲೂಕಿನ ಶಿಕ್ಷಣ ಕಚೇರಿಯೊಂದರಲ್ಲಿ ಗುಮಾಸ್ತ. ಬಂದ ಕಾಗದಕ್ಕೆ ನಂಬರು ಹಾಕಿ, ಆವಕದ ಮುದ್ರೆ ಒತ್ತಿ, ಬೆತ್ತದ ಬುಟ್ಟಿಗೆ ಹಾಕುವುದು ನನ್ನ ಕೆಲಸ. ಬುಟ್ಟಿಯಿಂದ ಮುಂದೆ ಅದು ಸಾಹೇಬರ ಕೋಣೆಗೆ ಹೋಗುತ್ತದೋ ಇಲಿಯ ಹೊಟ್ಟೆಗೆ ಹೋಗುತ್ತದೋ ನಾನು ಕೇಳಿದವನಲ್ಲ. ನಾನು ಬಾದಾಮಿಯವನು, ಇಳಕಲ್ಲಿನಲ್ಲಿ ಮನೆ ಮಾಡಿ ಬಸ್ಸಿನಲ್ಲಿ ಓಡಾಡುತ್ತಿದ್ದೆ. ನಮ್ಮ ಮನೆತನದಲ್ಲಿ ಅಜ್ಜ ಪುರಾಣ ಹೇಳುವವ, ಅಪ್ಪ ಸಾಲಿ ಮಾಸ್ತರ. ಹುಟ್ಟಿದ ಮಗುವಿಗೆ ಸಾಲಿ ಇದ್ದೇ ಇರುತ್ತದೆ ಎಂದು ತಿಳಿದು ಬೆಳೆದವ ನಾನು. ಇಲ್ಲದಿದ್ದರೆ ಏನಾಗುತ್ತದೆ ಎಂದು ಕಲಿಸಿದವರು ಈ ತಿರುಗಾಟದ ಮನುಷ್ಯ.

ಅವರ ಊರು ಮರೋಳದ ಆಚೆ. ಹೆಸರು ಹೇಳುವುದಿಲ್ಲ, ನಾನು ಮಾಡಿದ ಉಪದ್ವ್ಯಾಪಕ್ಕೆ ಅಲ್ಲಿಯವರು ಇನ್ನೂ ಬೈಯುತ್ತಿರಬಹುದು. ಕುರಿ ಸಾಕುವ ಮನೆಗಳೇ ಹೆಚ್ಚು. ಸಾಲಿ ನಡೆಯುವುದು ಬೀರಪ್ಪನ ಗುಡಿಯ ಪೌಳಿಯಲ್ಲಿ. ಅಮಾವಾಸ್ಯೆಗೆ ಡೊಳ್ಳು ಬಂದರೆ ಸಾಲಿ ಸೂಟಿ. ಮಳೆ ಬಂದರೆ ಒಂದು ಕಡೆ ಮಕ್ಕಳು, ಒಂದು ಕಡೆ ಕುರಿಮರಿಗಳು. ಇದ್ದದ್ದು ನಾಲ್ಕನೆಯ ವರ್ಗದವರೆಗೆ ಮಾತ್ರ. ಐದನೆಯದು ಬೇಕಾದರೆ ಖೋಲಿ, ಅಂದರೆ ಪಾಠದ ಕೋಣೆ ಬೇಕು, ಖೋಲಿ ಬೇಕಾದರೆ ಮಂಜೂರಿ ಬೇಕು. ಐದನೆಯ ವರ್ಗ ಇದ್ದ ಊರು ಹಳ್ಳದಾಚೆ ಮೂರು ಮೈಲು. ಗಂಡುಹುಡುಗರು ಹೇಗೋ ಹೋಗುತ್ತಿದ್ದರು. ಹೆಣ್ಣುಮಕ್ಕಳನ್ನು ಮಾತ್ರ ಯಾರೂ ಹಳ್ಳ ದಾಟಿಸುತ್ತಿರಲಿಲ್ಲ. ನಾಲ್ಕು ಮುಗಿಯಿತೆಂದರೆ ಕೈಗೆ ಕೋಲು, ಮುಂದೆ ಕುರಿ, ಆಮೇಲೆ ಲಗ್ನ.

ಅದಕ್ಕೇ ಶನಿವಾರ ಬೆಳಗಿನ ಸಾಲಿ ಬಿಟ್ಟೊಡನೆ ಬಸ್ಸು ಹಿಡಿದು ಬರುತ್ತಿದ್ದರು. ಕೈಯಲ್ಲಿ ಅರ್ಜಿ. ಪ್ರತಿ ಸಲ ಹೊಸದಾಗಿ ಬರೆದದ್ದು, ವಿಷಯ ಮಾತ್ರ ಹಳೆಯದೇ: ಎರಡು ಖೋಲಿ.

ನಮ್ಮ ಸಾಹೇಬರು ಕೆಟ್ಟವರಲ್ಲ, ದಣಿದವರು. ಒಂದು ಸಲ ಅವರೇ ಹೊರಗೆ ಬಂದು, "ಮಾಸ್ತರ, ಎಲ್ಲಾ ಸರಕಾರದ ಕೊರಳಿಗೇ ಕಟ್ಟಿದ್ರ ಹ್ಯಾಂಗ? ಊರವರು ವಂತಿಗಿ ಹಾಕಿ ಕಟ್ಟಿಕೊಳ್ಳಲಿ" ಎಂದರು. ಮಾಸ್ತರರು ಕಿಸೆಯಿಂದ ಒಂದು ಕಡ್ಡಿಪೆಟ್ಟಿಗೆ ತೆಗೆದರು. ಬೀಡಿ ಸೇದುವವರಲ್ಲ, ಈ ಮಾತಿಗಾಗಿಯೇ ಇಟ್ಟುಕೊಂಡದ್ದೆಂದು ಆಮೇಲೆ ತಿಳಿಯಿತು.

"ಸಾಹೇಬರ, ಇದು ನಮ್ಮೂರ ಪೂಜಾರಿ ಮಾಳಪ್ಪಜ್ಜ ಕೊಂಡದ್ದು. ಇದರಾಗ ಸರಕಾರದ ತೆರಿಗಿ ಐತೋ ಇಲ್ಲೋ? ಚಾಪುಡಿಯೊಳಗ ಐತಿ, ಮೈಮ್ಯಾಲಿನ ಅರಿವಿಯೊಳಗ ಐತಿ. ನಮ್ಮ ಮಂದಿ ವಂತಿಗಿ ಕೊಟ್ಟು ಭಾಳ ವರ್ಷ ಆತ್ರಿ. ಖೋಲಿ ಕಟ್ಟೂದು ನಿಮ್ಮ ಕಡೆ ಬಾಕಿ ಉಳದೈತಿ."

ಸಾಹೇಬರು ಒಳಗೆ ಹೋದರು. ನಾನು ನಕ್ಕೆ. ಮಾಸ್ತರರು ನಗಲಿಲ್ಲ. ಕಡ್ಡಿಪೆಟ್ಟಿಗೆ ಕಿಸೆಗೆ ಹಾಕಿಕೊಂಡು ಮತ್ತೆ ತಿರುಗಾಟ ಶುರು ಮಾಡಿದರು.

ಇನ್ನೊಂದು ಸಂಗತಿ ಹೇಳಬೇಕು. ಒಂದು ವರ್ಷ ಅವರ ಸಾಲಿಯ ಫಲಿತಾಂಶದ ಪಟ್ಟಿ ಬಂತು. ನಾಲ್ಕನೆಯ ವರ್ಗದ ಹೆಣ್ಣುಮಕ್ಕಳು ಐದು ಮಂದಿ, ಐವರೂ ನಾಪಾಸು. ಹಿಂದಿನ ವರ್ಷದ ಪಟ್ಟಿ ತೆಗೆದು ನೋಡಿದರೆ ಅದೇ ಹೆಸರುಗಳು, ಆಗಲೂ ನಾಪಾಸು. ಕಾರಣ ಕೇಳಿ ನೋಟೀಸು ಹೋಯಿತು. ಮಾಸ್ತರರು ಬಂದರು. ಜೊತೆಗೆ ಮಾಳಪ್ಪಜ್ಜನ ಮೊಮ್ಮಗಳು ಕರಿಯವ್ವ, ಐವರಲ್ಲಿ ಒಬ್ಬಳು. ನನ್ನ ಮೇಜಿನ ಮೇಲಿದ್ದ ವೃತ್ತಪತ್ರಿಕೆಯನ್ನು ಆಕೆಯ ಕೈಗೆ ಕೊಟ್ಟು "ಓದವಾ" ಎಂದರು. ಹುಡುಗಿ ಜೋಳದ ಪೇಟೆಧಾರಣೆಯಿಂದ ಹಿಡಿದು ಮಂತ್ರಿಗಳ ಭಾಷಣದವರೆಗೆ ಎಲ್ಲೂ ತಡವರಿಸದೆ ಓದಿಬಿಟ್ಟಳು.

"ಇಂಥಾಕಿನ್ನ ನಾಪಾಸ್ ಮಾಡೀರೇನ್ರಿ?" ಎಂದೆ ನಾನು. ಸಿಟ್ಟೇ ಬಂದಿತ್ತು.

"ಪಾಸ್ ಮಾಡಿದ್ರ ನಾಳೆ ಕುರಿ ಹಿಂದ ಹೊಕ್ಕಾಳ್ರಿ. ನಾಪಾಸಾದ್ರ 'ಇನ್ನೊಂದು ವರ್ಷ ಕೂಡ್ಲಿ' ಅಂತಾರ ಮನ್ಯಾಗ. ಐದನೇದ್ದು ಬರೂತನಕ ಹಿಂಗ ತಡದ ಇಟ್ಟೀನಿ. ನಾಲ್ಕನೇದ್ದರಾಗ ಕುಂದ್ರಿಸಿ ಐದನೇದ್ದು, ಆರನೇದ್ದು ಕಲಸಾಕತ್ತೀನಿ. ತಪ್ಪು ನಂದ ಐತಿ, ಬರಕೊಳ್ರಿ."

ಬರೆದುಕೊಂಡೆವು. ಅವರ ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯ ಒಂದು ಸಾಲು ಸೇರಿತು. ಅಂದಿನಿಂದ ನನಗೂ ನೆಮ್ಮದಿ ಕೆಟ್ಟಿತು. ಕರಿಯವ್ವನಿಗೆ ಆಗಲೇ ಹನ್ನೆರಡು; ಇನ್ನೆಷ್ಟು ವರ್ಷ ನಾಪಾಸು ಮಾಡಿ ಹಿಡಿಯಲಾದೀತು? ಮನೆಯಲ್ಲಿ ಊಟಕ್ಕೆ ಕೂತಾಗಲೂ ಆ ಹುಡುಗಿ ಓದಿದ ಧಾಟಿಯೇ ಕಿವಿಯಲ್ಲಿ. ಹೆಂಡತಿ, "ಯಾರದೋ ಊರಿನ ಸಾಲಿಗೆ ನೀವ್ಯಾಕ ಹಿಂಗ ಚಡಪಡಸ್ತೀರಿ?" ಎಂದು ಬೈದಳು.

ಆ ಚಡಪಡಿಕೆಯಲ್ಲೇ ನಾನು ಮಹಾ ಶಾಣ್ಯಾತನ ಮಾಡಿದೆ. ಮಾಸ್ತರರನ್ನು ಒಂದು ತಿಂಗಳ ತರಬೇತಿಗೆ ಬಾಗಲಕೋಟೆಗೆ ಕಳಿಸಿದ್ದರು. ಆಗ ಯಾವುದೋ ಕೆಲಸಕ್ಕೆ ಮಾಳಪ್ಪಜ್ಜ ಪೇಟೆಗೆ ಬಂದವನು ನನ್ನ ಹತ್ತಿರ ಬಂದ. ನಾನೇ ಹೇಳಿದೆ: "ಅಜ್ಜಾ, ಮಂಜೂರಿ ಇವತ್ತು ಬರ್ತದ, ನಾಳೆ ಬರ್ತದ ಅಂತ ಕೂತ್ರ ನಿನ್ನ ಮೊಮ್ಮಗಳು ಮುದುಕಿ ಆಗ್ತಾಳ. ಮಾಸ್ತರು ಬರೂದರೊಳಗ ನೀವ ಒಂದು ಖೋಲಿ ಕಟ್ಟಿಬಿಡ್ರಿ. ಅವರ ಓಡಾಟನೂ ತಪ್ತದ."

ಅಜ್ಜ ಕಣ್ಣರಳಿಸಿದ. ಊರಿಗೆ ಹೋಗಿ ಗುಡಿಯ ಮುಂದೆ ಮಂದಿ ಕೂಡಿಸಿದ. ಬೀರಪ್ಪನಿಗೆ ಮೀಸಲು ಬಿಟ್ಟ ಟಗರುಗಳನ್ನು ದೇವರ ಅಪ್ಪಣೆ ಕೇಳಿ ಮಾರಿದರಂತೆ. ಹಳ್ಳದ ಕಲ್ಲು, ಊರ ಗೌಂಡಿ, ಮನೆಗೊಬ್ಬರ ಕೈ. ಇಪ್ಪತ್ತು ದಿನದಲ್ಲಿ ಖೋಲಿ ಎದ್ದಿತು. ಸುಣ್ಣ ಹೊಡೆದ ಮೇಲೆ ಬಾಗಿಲ ಮೇಲೆ ಏನು ಬರೆಸಬೇಕೆಂಬ ಮಾತು ಬಂತು. ದಾನ ಕೊಟ್ಟವರ ಹೆಸರು ಬರೆಸೋಣ ಎಂದರಂತೆ ಯಾರೋ. "ಛೇ, ಮಾಸ್ತರ್ ಏನ್ ಹೇಳ್ಯಾರ? ಸಾಲಿ ಸರಕಾರದ್ದು! ಅದನ್ನ ಬರಸ್ರಿ" ಎಂದ ಮಾಳಪ್ಪಜ್ಜ. ಮಾಸ್ತರರಿಗೆ ಖುಷಿಯಾಗಲಿ ಎಂದು ನೀಲಿ ಬಣ್ಣದಲ್ಲಿ ದೊಡ್ಡದಾಗಿ ಬರೆಸಿದರು: 'ಸರಕಾರಿ ಶಾಲೆ. ಸರಕಾರಿ ಕಟ್ಟಡ.'

ಅದೇ ವಾರ, ಅಷ್ಟು ವರ್ಷ ಬಾರದ ತಪಾಸಣೆ ಬಂತು. ಖೋಲಿ ಮಂಜೂರಾಗುವ ಊರುಗಳ ಪಟ್ಟಿಯಲ್ಲಿ ಈ ಊರಿನ ಹೆಸರು ಕೊನೆಗೂ ಸೇರಿತ್ತು. ಸ್ಥಳ ನೋಡಿಬರಲು ಜಿಲ್ಲಾ ಕಚೇರಿಯಿಂದ ಒಬ್ಬರು ಜೀಪಿನಲ್ಲಿ ಹೋದರು. ಇಳಿಯಲೇ ಇಲ್ಲವಂತೆ. ಕೂತಲ್ಲಿಂದಲೇ ಬಾಗಿಲ ಮೇಲಿನ ಬರಹ ಓದಿ ಹಿಂದಕ್ಕೆ ತಿರುಗಿದರು. ಅವರ ವರದಿ ನನ್ನ ಮೇಜಿಗೇ ಬಂತು: 'ಸದರಿ ಶಾಲೆಗೆ ಸರಕಾರಿ ಕಟ್ಟಡವಿದೆ. ಹೆಸರು ಕೈಬಿಡಲಾಗಿದೆ.' ನಂಬರು ಹಾಕಿ ಮುದ್ರೆ ಒತ್ತಿದವ ನಾನೇ.

ಮುಂದಿನ ಶನಿವಾರ ಮಾಸ್ತರರು ಬಂದರು. ಅಂದು ತಿರುಗಾಡಲಿಲ್ಲ. ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತ ನಿಂತರು. ತಡೆಯಲಾರದೆ ಬಾಯಿಬಿಟ್ಟೆ. "ಮಾಸ್ತರ, ಕಟ್ಟಿಬಿಡ್ರಿ ಅಂತ ಹೇಳಿದಾಂವ ನಾನ. ಬೈರಿ ನನಗ."

"ಗೊತ್ತೈತ್ರಿ. ಅಜ್ಜ ಹೇಳ್ಯಾನ." ತಿರುಗಿ ನೋಡಿದರು. ಕಣ್ಣು ಕೆಂಪಾಗಿದ್ದವು. "ನೀವು ದಯಾ ಮಾಡಿದ್ರಿ, ರಾಯರ. ದಯಾ ಮಾಡೂದು ನಿಮ್ಮ ಕೆಲಸ ಅಲ್ಲ. ಕಾಗದ ಒಳಗ ಒಯ್ಯೂದು ನಿಮ್ಮ ಕೆಲಸ."

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ನಾಲ್ಕು ಮಂದಿಯ ಮುಂದೆ ಒಬ್ಬ ಹಳ್ಳಿಯ ಮಾಸ್ತರನಿಂದ ಹೀಗೆ ಅನ್ನಿಸಿಕೊಂಡೆನಲ್ಲ ಎಂದು ಎರಡು ದಿನ ಕುದ್ದೆ. ಮೂರನೆಯ ದಿನ ಅದು ಖರೆ ಎನಿಸಿತು.

ಊರಲ್ಲೂ ಅವರಿಗೆ ಸಂಕಟವೇ. ಖೋಲಿಯೊಳಗೆ ಹೋದರೆ ಸರಕಾರ ಗೆದ್ದಂತೆ. ಹೋಗದಿದ್ದರೆ ಊರವರ ಎದೆ ಒಡೆದಂತೆ. ಮಾಳಪ್ಪಜ್ಜ, "ನಮ್ಮ ಕೈಯಿಂದ ಕಟ್ಟಿದ್ದು ನಿಮಗ ಬ್ಯಾಡಾತೇನ್ರಿ ಮಾಸ್ತರ?" ಎಂದು ಅತ್ತೇಬಿಟ್ಟನಂತೆ. ಕಡೆಗೆ ಮಕ್ಕಳನ್ನು ಒಳಗೆ ಕೂಡಿಸಿ, ತಾವು ಹೊಸ್ತಿಲಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ಪಾಠ ಹೇಳತೊಡಗಿದರು. ನೋಡಿದವರು ನಕ್ಕರು. ಇಡೀ ಒಂದು ತಿಂಗಳು ಹಾಗೇ ನಡೆಯಿತು.

ಆಮೇಲೊಂದು ಶನಿವಾರ ನನ್ನ ಮೇಜಿನ ಮೇಲೆ ಒಂದು ಕಾಗದ ಬಿತ್ತು. ದುಂಡನೆಯ ಅಕ್ಷರ, ಒಂದೂ ತಪ್ಪಿಲ್ಲ. 'ನಮ್ಮೂರಿನ ಖೋಲಿಯನ್ನು ನಾವು ಕಟ್ಟಿದ್ದೇವೆ. ಬೀರಪ್ಪನ ಟಗರು ಮಾರಿದ್ದೇವೆ. ಅದರಲ್ಲಿ ಸರಕಾರವು ತನ್ನ ಶಾಲೆಯನ್ನು ನಡೆಸುತ್ತಿದೆ. ಆದ್ದರಿಂದ ಸರಕಾರವು ನಮಗೆ ತಿಂಗಳಿಗೆ ಒಂದು ರೂಪಾಯಿಯಂತೆ ಬಾಡಿಗೆ ಕೊಡಬೇಕು.' ಕೆಳಗೆ ಇಡೀ ಊರಿನ ಹೆಬ್ಬೆಟ್ಟು. ಕಟ್ಟಕಡೆಗೆ: 'ಬರೆದವಳು ಕರಿಯವ್ವ, ನಾಲ್ಕನೆಯ ವರ್ಗ, ನಾಪಾಸು.'

ನಾನು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡೆ. ಕಚೇರಿಯಲ್ಲಿ ಮಾತ್ರ ಯಾರೂ ನಗಲಿಲ್ಲ. ಅರ್ಜಿಯನ್ನು ಹತ್ತು ವರ್ಷ ಕಪಾಟಿನಲ್ಲಿ ಮಲಗಿಸಬಹುದು. ಬಾಡಿಗೆ ಬೇಡುವ ಕಾಗದ ಮಲಗಿಸಿದರೆ ಆಡಿಟ್‌ನವರು ಬಂದು ಎಬ್ಬಿಸುತ್ತಾರೆ. ಬಾಡಿಗೆ ಕೊಟ್ಟರೆ ಕಟ್ಟಡ ಊರಿನದೆಂದು ಒಪ್ಪಿದಂತೆ. ಕೊಡುವುದಿಲ್ಲ ಎನ್ನಬೇಕಾದರೆ ಅದನ್ನು ಸರಕಾರ ಯಾವಾಗ ಕಟ್ಟಿತೆಂದು ತೋರಿಸಬೇಕು. ಆ ಕಾಗದ ಎಲ್ಲಿಂದ ತರುವುದು? ಸಾಹೇಬರು ತಲೆ ಮೇಲೆ ಕೈಹೊತ್ತು ಕೂತರು. ಪತ್ರದ ಮೇಲೆ ಪತ್ರ ಓಡಿದವು. ಕಡೆಗೆ ಜಿಲ್ಲಾ ಕಚೇರಿ, 'ಸದರಿ ಶಾಲೆಗೆ ಸರಕಾರಿ ಕಟ್ಟಡವಿಲ್ಲ' ಎಂದು ತಿದ್ದಿ ಬರೆಯಿತು. ಮರುವರ್ಷ ಎರಡು ಖೋಲಿ, ಐದನೆಯ ವರ್ಗ, ಎರಡೂ ಮಂಜೂರಾದವು.

ಆ ಶನಿವಾರ ನಾನು ಬೆಳಗಿನಿಂದ ಬಾಗಿಲು ನೋಡುತ್ತಿದ್ದೆ. ಮೇಜಿನ ಮುಂದೆ ಖುರ್ಚಿ ಎಳೆದಿಟ್ಟಿದ್ದೆ. ಬಂದೊಡನೆ ಆದೇಶ ಕೈಗಿಟ್ಟು, "ಈಗರೇ ಕೂಡ್ರಿ, ಮಾಸ್ತರ. ಮಂಜೂರಿ ಬಂತು" ಎಂದೆ. ನಿಂತೇ ಓದಿದರು. ಎರಡು ಸಲ ಓದಿದರು. ಹಿಂದೆ ತಿರುವಿ ನೋಡಿದರು.

"ಖೋಲಿ ಎರಡು. ಖರೆ. ಇನ್ನೊಬ್ಬ ಮಾಸ್ತರ್ ಎಲ್ಲದಾನ್ರಿ ಇದರಾಗ?"

"ಅದರ ಮಾತು ಇದರಾಗಿಲ್ಲ" ಎಂದೆ.

ಆಗ ಕೂತರು. ಎಂಟು ವರ್ಷದಲ್ಲಿ ಅದೊಂದೇ ಸಲ. ನನಗೆ ಗಾಬರಿಯಾಗಿ ನೀರು ತರಲು ಕೂಗಿದೆ. "ನೀರಲ್ರಿ, ಒಂದು ಹಾಳಿ ಕೊಡ್ರಿ" ಎಂದರು. ನನ್ನ ಮೇಜಿನ ಮೇಲೇ ಬಗ್ಗಿ ಬರೆದರು: ಐದು ವರ್ಗಕ್ಕೆ ಒಬ್ಬರೇ ಮಾಸ್ತರು, ಇನ್ನೊಬ್ಬರು ಬೇಕು. ಎದ್ದು ನನ್ನ ಕೈಗೆ ಕೊಟ್ಟರು. "ಈ ತಿಂಗಳಾಖೇರಿಗೆ ನನ್ನ ನೌಕರಿ ಮುಗೀತೈತಿ, ರಾಯರ. ಬರಾವ ಹೊಸಬ. ಅಂವಗ ಈ ಓಡಾಟ ಬರತೈತೋ ಇಲ್ಲೋ. ಆವಕ ಮಾಡ್ರಿ." ಕಂಬಳಿ ಹೊದ್ದು ಹೊರಟರು. ಒಂದು ಕಾಗದ ಬಿತ್ತು. ಅಂದು ಮಾತ್ರ ಆರಿಸದೆ ಹೋದರು.

ನಿವೃತ್ತರಾದ ಮೇಲೆ ಮೂರು ತಿಂಗಳು ಅವರ ಸುದ್ದಿಯಿರಲಿಲ್ಲ. ಮಳೆಗಾಲದ ಒಂದು ಶನಿವಾರ ಮಾಳಪ್ಪಜ್ಜ ಬಂದು ಬಾಗಿಲಲ್ಲಿ ನಿಂತ.

"ಮಾಸ್ತರ್ ಹ್ವಾದ್ರು, ರಾಯರ."

"ಎಲ್ಲಿಗೆ?" ಎಂದುಬಿಟ್ಟೆ. ಸದಾ ಎಲ್ಲಿಗೋ ಹೊರಟೇ ಇರುತ್ತಿದ್ದ ಮನುಷ್ಯ ಅಲ್ಲವೇ?

ಅಜ್ಜ ಕಂಬಳಿಯ ತುದಿಯಿಂದ ಕಣ್ಣೊರೆಸಿಕೊಂಡ. ಎದೆನೋವು ಬಂದು ಒಂದೇ ದಿನದಲ್ಲಿ ಆಗಿಹೋಯಿತಂತೆ. ಕರಿಯವ್ವ ಐದನೆಯ ವರ್ಗಕ್ಕೆ ಹೋಗುತ್ತಿದ್ದಾಳೆ, ಆದರೆ ಹೊಸ ಮಾಸ್ತರರು ಸಣ್ಣವರನ್ನು ನೋಡಿಕೊಂಡು ಮುಗಿಸುವುದರೊಳಗೆ ಹೊತ್ತು ಹೋಗುತ್ತದೆ, ದೊಡ್ಡವರು ಸುಮ್ಮನೆ ಕೂತು ಮನೆಗೆ ಬರುತ್ತಾರೆ ಎಂದ. ಆಕೆಯ ಅಪ್ಪ ಸಾಲಿ ಬಿಡಿಸುತ್ತೇನೆ ಎನ್ನುತ್ತಿದ್ದಾನೆ ಎಂದೂ ಹೇಳಿದ.

ಅಜ್ಜ ಹೋದ ಮೇಲೆ ಬುಟ್ಟಿ ಸುರುವಿದೆ. ತಳದಲ್ಲಿತ್ತು ಅರ್ಜಿ. ನನ್ನ ಮುದ್ರೆ, ನನ್ನ ನಂಬರು, ಮೇಲೆ ಧೂಳು. ತೆಗೆದುಕೊಂಡು ಎದ್ದೆ. ಅಷ್ಟು ವರ್ಷದ ನೌಕರಿಯಲ್ಲಿ ಕರೆಯದೆ ಸಾಹೇಬರ ಕೋಣೆಯೊಳಗೆ ಕಾಲಿಟ್ಟದ್ದು ಅದೇ ಮೊದಲು.

ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ಏನ್ರಿ, ಏನಾತು? ಕೂಡ್ರಿ, ಕೂಡ್ರಿ" ಎಂದರು.

ಕಾಗದವನ್ನು ಅವರ ಮುಂದಿಟ್ಟು ನಿಂತೇ ಇದ್ದೆ.

"ಕೂತ್ರ ಮಂಜೂರಿ ಬರ್ತದೇನ್ರಿ, ಸಾಹೇಬರ?"