ಕಾಲು ತೊಳೆಸಿಕೊಳ್ಳಲು ಹೋದವಳು

ಆಗಿನ್ನೂ ದಿಲ್‌ಸುಖ್‌ನಗರಕ್ಕೆ ಮೆಟ್ರೋ ಬಂದಿರಲಿಲ್ಲ. ಬೀದರ್, ರಾಯಚೂರು ಕಡೆಯಿಂದ ಬಂದ ನಮ್ಮಂಥ ಕ್ರೈಸ್ತ ಕುಟುಂಬಗಳಿಗೆ ಅಲ್ಲೊಂದು ಬಾಡಿಗೆ ಹಾಲೇ ಚರ್ಚು. ಕೆಳಗಡೆ ಕೋಚಿಂಗ್ ಸೆಂಟರ್. ಮೇಲೆ ನಾವು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರೆ, ಕೆಳಗಿನ ಮೇಷ್ಟ್ರು ತೆಲುಗಿನಲ್ಲಿ ಬೈಯುವುದು ಕೇಳಿಸುತ್ತಿತ್ತು.

ಶುಭ ಶುಕ್ರವಾರದ ಹಿಂದಿನ ಸಂಜೆ ಪಾಸ್ಟರು ಹನ್ನೆರಡು ಜನರ ಕಾಲು ತೊಳೆಯುತ್ತಿದ್ದರು, ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ. ನನಗೆ ಹತ್ತು ವರ್ಷವಾಗಿದ್ದಾಗ ಆ ಹನ್ನೆರಡರಲ್ಲಿ ನನ್ನ ಹೆಸರೂ ಬಂತು. ಅವ್ವ ಮೂರು ದಿನ ನನ್ನ ಹಿಮ್ಮಡಿಯನ್ನು ಕಲ್ಲಿನಿಂದ ಉಜ್ಜಿದಳು.

“ತೊಳೀಲಿಕ್ಕೆ ಪಾಸ್ಟರ್ ಅದಾರಲ್ಲವ್ವಾ?” ಅಂದೆ.

“ಹೊಲಸ ಕಾಲು ಚಾಚಿ ನಮ್ಮ ಮರ್ಯಾದಿ ಕಳೀತಿಯೇನ? ಸುಮ್ನ ಕೂಡು.”

ಗುರುವಾರ ಹೋಗಿ ನೋಡಿದರೆ ಎಲ್ಲರ ಮನೆಯಲ್ಲೂ ಇದೇ ನಡೆದಂತಿತ್ತು. ಹೊಳೆಯುವ ಪಾದಗಳ ಸಾಲು, ಚಂದನದ ಸೋಪಿನ ವಾಸನೆ. ಕೊನೆಯ ಕುರ್ಚಿಯ ಶಾಂತವ್ವ ಮಾತ್ರ ಕಟ್ಟಡದ ಕೆಲಸದಿಂದ ನೇರ ಬಂದಿದ್ದಳು. ಸಿಮೆಂಟು ಮೆತ್ತಿದ ಕಾಲುಗಳನ್ನು ಸೀರೆಯೊಳಗೆ ಎಳೆದುಕೊಂಡು ಕೂತಿದ್ದಳು. ಪಕ್ಕದಲ್ಲಿದ್ದ ನಾನು ಸ್ವಲ್ಪ ಸರಿದು ಕೂತೆ.

ಹತ್ತು ಜನರದು ಮುಗಿಸಿ ಪಾಸ್ಟರು ನನ್ನ ಮುಂದೆ ಮಂಡಿಯೂರಿದರು. ತಣ್ಣೀರು ಬಿತ್ತು, ತಡೆದುಕೊಂಡೆ. ಅವರ ಬೆರಳು ಅಂಗಾಲಿಗೆ ತಾಗಿದ್ದೇ ತಡ, ಕಚಗುಳಿ! ಇಡೀ ಸಭೆ ಬೆಚ್ಚುವಂತೆ ನಕ್ಕು ಕಾಲು ಝಾಡಿಸಿದೆ. ಬೋಗುಣಿ ಮಗುಚಿ ನೀರೆಲ್ಲ ಪಾಸ್ಟರ ಬಿಳಿ ನಿಲುವಂಗಿಯ ಮೇಲೆ. ಏಳಲು ಹೋದವರ ಸೊಂಟ ಅರ್ಧದಲ್ಲೇ ಹಿಡಿದುಕೊಂಡಿತು. ಅಪ್ಪ ಓಡಿಬಂದು ಎತ್ತಿ ಕುರ್ಚಿಯಲ್ಲಿ ಕೂರಿಸಿದರು. ಅವ್ವನ ನೋಟಕ್ಕೆ ನನ್ನ ನಗು ಅಲ್ಲೇ ಒಣಗಿತು.

“ಶಾಂತವ್ವನ ಕಾಲು ಉಳದಾವ,” ಅಂದರು ಪಾಸ್ಟರು, ಸೊಂಟ ಒತ್ತಿಕೊಳ್ಳುತ್ತ. “ನೀನ ತೊಳಿ, ಮಗಳ.”

ಶಾಂತವ್ವ ದಡಕ್ಕನೆ ಎದ್ದಳು. “ಬ್ಯಾಡ್ರಿ ಪಾಸ್ಟರ್! ಕೂಸಿನ ಕೈಲೆ ಕಾಲ ತೊಳಿಸ್ಕೋತಾರೇನ್ರಿ? ಮನಿಗಿ ಹೋಗಿ ನಾನ ತೊಳ್ಕೋತೀನಿ.”

“ಕೂಡವ್ವಾ. ನೀ ಓಡಿಹೋದ್ರ ಬೆನ್ನ ಹತ್ತಾಕ ನನಗ ಟೊಂಕ ಇಲ್ಲ.”

ಸಭೆಯೆಲ್ಲ ನಕ್ಕಿತು. ಅವಳು ಕೂತಳು. ನಾನು ಹೊಸ ನೀರು ತಂದೆ. ಅವಳ ಹಿಮ್ಮಡಿಯ ಬಿರುಕುಗಳಿಗೆ ನನ್ನ ಬೆರಳು ಸಿಕ್ಕಿಕೊಳ್ಳುತ್ತಿತ್ತು. ಹೆಬ್ಬೆರಳಿನಲ್ಲಿ ಹಸಿ ಗಾಯ.

“ಉರೀತೈತೇನು?”

“ಇಲ್ಲವ್ವಾ. ಭಾಳ ತಂಪಾಗಾಕತ್ತೈತಿ.”

ನೀರು ಸಿಮೆಂಟಿನ ಬಣ್ಣಕ್ಕೆ ತಿರುಗಿತು. ಆ ಸಂಜೆ ನಿಜಕ್ಕೂ ತೊಳೆಯಬೇಕಾಗಿದ್ದ ಕಾಲುಗಳು ಅವೆರಡೇ. ಒರೆಸೋಣವೆಂದರೆ ಟವೆಲ್ಲೂ ತೊಯ್ದು ತೊಪ್ಪೆಯಾಗಿತ್ತು. ಆಗ ಅವ್ವ ಬಂದು ನನ್ನ ಪಕ್ಕ ಕೂತು, ಇಸ್ತ್ರಿ ಮಾಡಿದ ಬಿಳಿ ಸೀರೆಯ ಸೆರಗಿನಿಂದ ಶಾಂತವ್ವನ ಕಾಲು ಒರೆಸಿದಳು. ಬೈಗುಳವೆಲ್ಲ ನನಗೆ: “ಬೆರಳ ಸಂದಿ ಹಂಗ ಬಿಟ್ಟೀಯಲ್ಲ, ಹುಚ್ಚಿ!”

ಈಗ ನಾನು ಮಿಯಾಪುರದ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ನಮ್ಮ ಸಭೆಗೆ ಸ್ವಂತ ಕಟ್ಟಡ, ಎಸಿ ಎಲ್ಲ ಆಗಿದೆ. ಕಾಲು ತೊಳೆಯುವುದನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸುತ್ತಾರೆ. ನಮ್ಮ ಮನೆಗೆಲಸದ ಹೆಂಗಸು ಏಳು ವರ್ಷಗಳಿಂದ ದಿನಾ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಾಳೆ. ಅವಳ ಚಪ್ಪಲಿ ಯಾವುದೆಂದು ನನಗೆ ಗೊತ್ತು. ಕಾಲು ಹೇಗಿವೆ ಎಂದರೆ ಹೇಳಲಾರೆ.