ನಾಲ್ಕನೆಯ ಕಟಾದ ಪುಟ

ನನ್ನ ಡೈರಿಯಲ್ಲಿ ಒಂದು ಪುಟ ಖಾಲಿ ಇದೆ. ಹಲ್ಲುಜ್ಜುವ ಬ್ರಷ್ ಬದಲಿಸಿದ ದಿನವನ್ನೂ ಬರೆದಿಡುವ ನನ್ನಂಥವಳಿಗೆ ಅದು ಸಣ್ಣ ನಾಚಿಕೆಯಲ್ಲ. ಮೇಲೆ 'ನಾಲ್ಕನೆಯ ಕಟಾ' ಎಂದಿದೆ, ಕೆಳಗೆ ಏನೂ ಇಲ್ಲ.

ಕಟಾ ಎಂದರೆ ಕರಾಟೆಯಲ್ಲಿ ಎದುರಾಳಿಯೇ ಇಲ್ಲದೆ, ಗೊತ್ತಾದ ಹೆಜ್ಜೆಗಳಲ್ಲಿ ಗಾಳಿಯೊಡನೆ ಆಡುವ ಜಗಳ. ಕೂಡ್ಲಿಗಿಯ ಶಾಲೆಯೊಂದರ ಬಯಲಿನಲ್ಲಿ ಭಾನುವಾರ ಬೆಳಿಗ್ಗೆ ವೀರಣ್ಣ ಸರ್ ಅದನ್ನು ಕಲಿಸುತ್ತಿದ್ದರು. ಒಂದು ಗಟ್ಟಿಯಾಗದೆ ಎರಡಿಲ್ಲ, ಎರಡಾಗದೆ ಮೂರಿಲ್ಲ. ಮೊದಲನೆಯದನ್ನು ನಾನು 1,312 ಸಲ ಮಾಡಿದ್ದೆ. ಡೈರಿಯಲ್ಲಿ ಐದೈದು ಗೆರೆಗಳ ಲೆಕ್ಕವಿದೆ. ಈ ಕ್ರಮ ಯಾಕೆಂದು ಓದಿಯೂ ನೋಡಿದೆ. ಕೆಲವು ಪದ್ಧತಿಗಳಲ್ಲಿ 'ಎರಡನೆಯದು' ಎಂಬ ಹೆಸರಿನದನ್ನೇ ಮೊದಲು ಕಲಿಸುತ್ತಾರಂತೆ, ಸುಲಭವೆಂದು. ಹಾಗಾದರೆ ಕ್ರಮವೆಂಬುದು ಬರೀ ಮೇಷ್ಟ್ರುಗಳ ಹಟ ಎಂದು ತೀರ್ಮಾನಿಸಿ, ಫೋನು ನೋಡಿ ನಾಲ್ಕನೆಯದನ್ನು ಕಲಿತು, ಎಲ್ಲರೆದುರು ಮಾಡಿ ತೋರಿಸಿದೆ.

"ಯಾರ ಮನೀದವ್ವ ಈ ಕುಣಿತ?" ಎಂದರು ಸರ್. "ಇನ್ನಾ ಹತ್ತು ಭಾನುವಾರ ಮೂರನೇದ್ನ ಮಾಡು. ಆಮ್ಯಾಲೆ ನಾನ ಹೇಳಿಕೊಡ್ತೀನಿ."

ಎಲ್ಲರೂ ನಕ್ಕರು. ಸಿಟ್ಟಿನಿಂದ ನಾನು ಹನ್ನೊಂದು ಭಾನುವಾರ ಹೋಗಲಿಲ್ಲ. ಹನ್ನೊಂದನೆಯದರ ಮರುದಿನ ಸರ್‌ಗೆ ಲಕ್ವ ಹೊಡೆಯಿತು. ಹೋಗಿದ್ದರೆ ಆ ಭಾನುವಾರವೇ ನಾಲ್ಕನೆಯದು ಶುರುವಾಗುತ್ತಿತ್ತು. ಲೆಕ್ಕ ಇಡುವ ಚಟದ ಕಷ್ಟವೇ ಇದು; ಕಳೆದುಕೊಂಡದ್ದೂ ಸರಿಯಾಗಿ ಗೊತ್ತಾಗುತ್ತದೆ.

ಕಾನಹೊಸಹಳ್ಳಿಯ ಅವರ ಮನೆಗೆ ಹೋದಾಗ ಅಂಗಳದಲ್ಲಿ ಕುರ್ಚಿಯ ಮೇಲಿದ್ದರು. ಬಲಗೈ ತೊಡೆಯ ಮೇಲೆ ಯಾರೋ ಮರೆತುಹೋದ ವಸ್ತುವಿನಂತಿತ್ತು. ನಾಚಿಕೆ ಬಿಟ್ಟು ನಾಲ್ಕನೆಯದನ್ನು ಕೇಳಿದೆ.

"ನಾಲ್ಕು ಹೋತವ್ವ," ಎಂದರು, ತೊದಲುತ್ತ. "ಮೂರೂ ಹೋತು. ಎರಡರಾಗ ಅರ್ಧ ಐತಿ."

"ಒಂದನೇದ್ರಿ ಸರ್?"

ಅವರ ಮುಖ ತಾನಾಗಿ ಎಡಕ್ಕೆ ಹೊರಳಿತು. ಎಡಗೈ ಕೆಳಗಿಳಿದು ಇಲ್ಲದ ಒದೆತವೊಂದನ್ನು ತಡೆಯಿತು.

"ಉಂಡಿದ್ದು ಮರೀತಾರ, ಇದನ್ನ ಮರಿಯವಲ್ರು ನೋಡವ್ವ," ಎಂದರು ಅವರ ಹೆಂಡತಿ ಬಸಮ್ಮ.

ಕ್ರಮವೆಂದರೆ ಏಣಿ ಎಂದುಕೊಂಡಿದ್ದೆ. ಅಲ್ಲ, ಅದು ಜೋಳದ ಚೀಲ ತುಂಬಿದ ಹಾಗೆ. ಮೊದಲು ಹಾಕಿದ್ದು ಅಡಿಗೆ ಹೋಗುತ್ತದೆ. ಖಾಲಿಯಾಗುವಾಗ ಕೊನೆಗೆ ಉಳಿಯುತ್ತದೆ. ಅರ್ಥವಾಯಿತೆಂದು ಸಮಾಧಾನವೇನೂ ಆಗಲಿಲ್ಲ. ನಾಲ್ಕನೆಯದು ಫೋನಿನಲ್ಲಿ ಈಗಲೂ ಇದೆ. ಬೈಯುವವರಿಲ್ಲ, ಅಷ್ಟೇ.

ಅವರ ಕುರ್ಚಿಯ ಪಕ್ಕದಲ್ಲೇ ನಿಂತು ಮೊದಲನೆಯದನ್ನು ಮಾಡಿದೆ. ಮನೆಗೆ ಬಂದು 1,313ನೆಯ ಗೆರೆ ಎಳೆದು, ಖಾಲಿ ಪುಟವನ್ನು ಕಿತ್ತುಬಿಡಲು ಹೋದೆ. ದಾರದಲ್ಲಿ ಹೊಲಿದ ಡೈರಿ. ಒಂದು ಹಾಳೆ ಕಿತ್ತರೆ ಅದರ ಜೋಡಿ ಹಾಳೆಯೂ ಸಡಿಲವಾಗುತ್ತದೆ. ಜೋಡಿ ಹಾಳೆಯ ತುಂಬ ಮೊದಲ ಕಟಾದ ಗೆರೆಗಳಿದ್ದವು. ಖಾಲಿಯನ್ನು ಹಾಗೇ ಬಿಟ್ಟೆ.